ಪುಟಾಣಿ ಕುಳಿತದ್ದು

ಮರೋಳದ ಏತ ನೀರಾವರಿ ಪಂಪ್‌ಹೌಸಿನಲ್ಲಿ ಗುಂಡಿ ಒತ್ತಿ ಹೊಳೆಯ ನೀರನ್ನೇ ಗುಡ್ಡ ಹತ್ತಿಸುವ ನಾಗಲಿಂಗನಿಗೆ ಒಂದು ನಾಯಿಯನ್ನು ನೆಲಕ್ಕೆ ಕೂರಿಸುವುದು ಯಾವ ಮಹಾ ಕೆಲಸ! ಭಾನುವಾರ ಸಂಜೆ ಹುನಗುಂದದ ಬಸ್ ನಿಲ್ದಾಣದಲ್ಲಿ ನಿಂತು, ಬಾದಾಮಿ ಬಸ್ಸಿನ ಕಿಟಕಿಯಲ್ಲಿದ್ದ ಹೆಂಡತಿ ಬಸವೇಶ್ವರಿಗೆ ಅವನು ಹೀಗೆಯೇ ಜಂಬ ಕೊಚ್ಚಿದ.

ಬಸವೇಶ್ವರಿ ಬಡ್ತಿಯ ಮೇಲೆ ಬಾದಾಮಿಯ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಹೋಗಿ ಮೂರು ತಿಂಗಳಾಗಿತ್ತು. ಶನಿವಾರ ಬರುವುದು, ಗಂಡನಿಗೆ ವಾರಕ್ಕಾಗುವಷ್ಟು ಗರಿಗರಿ ಕಟಕ ರೊಟ್ಟಿ ಬಡಿದಿಟ್ಟು ಭಾನುವಾರ ಹೋಗುವುದು. ಅವಳು ಸಾಕಿದ ನಾಯಿ ಪುಟಾಣಿ ಅಂದಿನಿಂದ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ. ಆ ವಾರವಂತೂ ನಾಗಲಿಂಗನ ಚಪ್ಪಲಿಯನ್ನೂ ಪಕ್ಕದ ಮನೆಯ ಗುಲಾಬಬಿ ಒಣಹಾಕಿದ್ದ ಸಂಡಿಗೆಯನ್ನೂ ಮುಗಿಸಿತ್ತು.

"ಅದು ನಿಮ್ಮ ಮಾತು ಕೇಳೂದಿಲ್ಲ. ಮುಂದಿನ ವಾರ ನಾ ಕರಕೊಂಡು ಹೋಗ್ತೇನಿ," ಎಂದಳು ಬಸವೇಶ್ವರಿ.

"ಶನಿವಾರತನಕ ಬಿಡು. ಕುಂದ್ರು ಅಂದ್ರ ಕುಂದರಬೇಕು, ಹಂಗ ಮಾಡ್ತೇನಿ."

ಜಂಬದ ಒಳಗೆ ಪುಕುಪುಕು ಇತ್ತು. ವಾರವಾರವೂ ಅವಳು ಬಸ್ಸಿನಲ್ಲಿ ಕುಲುಕಿಕೊಂಡು ಬರುವುದು ನಾಯಿಯನ್ನು ನೋಡಲಿಕ್ಕೆ ಎಂದು ನಾಗಲಿಂಗ ಗಟ್ಟಿಯಾಗಿ ನಂಬಿದ್ದ. ಬಂದೊಡನೆ ಮುದ್ದು ಸಿಗುವುದು ಅದಕ್ಕೆ, ಇವನಿಗೆ ಸಿಗುವುದು ಕೈಚೀಲ! ಆ ನಾಯಿಯೂ ಬಾದಾಮಿ ಸೇರಿದರೆ ಹುನಗುಂದಕ್ಕೆ ಬರಲು ಅವಳಿಗೆ ಏನು ಕಾರಣ ಉಳಿಯಿತು? ಇದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿರಲಿಲ್ಲ.

ಬಯ್ಯಬೇಡಿ, ಹೊಡೆಯಬೇಡಿ, ಕುಳಿತ ಕೂಡಲೇ ತಿನ್ನಲು ಕೊಡಿ ಎಂದು ಫೋನಿನ ವಿಡಿಯೋದಲ್ಲೊಬ್ಬ ಹೇಳಿದ್ದ. ಸೋಮವಾರ ನಾಗಲಿಂಗ ಕಟಕ ರೊಟ್ಟಿಯ ಚೂರುಗಳನ್ನು ಜೇಬಿಗೆ ತುಂಬಿಕೊಂಡು, "ಕುಂದ್ರು" ಎಂದು ಅಪ್ಪಣೆ ಕೊಡಿಸಿದ. ಪುಟಾಣಿ ನಿಂತೇ ಇತ್ತು. ತಾನೇ ನೆಲಕ್ಕೆ ಕುಳಿತು ತೋರಿಸಿದ. ಪುಟಾಣಿ ನೇರವಾಗಿ ಜೇಬಿಗೇ ಬಾಯಿ ಹಾಕಿತು. ಒಂದು ಅಂಗಿ ಹೋಯಿತು.

ಮಂಗಳವಾರ ಅವನು ಹಾಗೆಯೇ ನೆಲದ ಮೇಲೆ ಕುಳಿತು ಅಂಗಲಾಚುತ್ತಿದ್ದಾಗ ಫೋನಿಗೆ ಬಸವೇಶ್ವರಿಯ ದನಿಯ ಸಂದೇಶ ಬಂತು. ಒತ್ತಿದ. "ಊಟಾ ಆತೇನ್ರಿ?"

ಪುಟಾಣಿ ಕಿವಿ ನಿಮಿರಿಸಿ ಫೋನಿನೆದುರು ತಟ್ಟನೆ ಕುಳಿತುಬಿಟ್ಟಿತು! ನಾಗಲಿಂಗ ಚೂರು ಕೊಟ್ಟ. ಮತ್ತೆ ಒತ್ತಿದ, ಮತ್ತೆ ಕುಳಿತಿತು. ಪಂಪ್‌ಹೌಸಿನ ಗುಂಡಿಗಿಂತ ಸಲೀಸು. ಮೊದಲು ದನಿಗೆ ಕೂರಲಿ, ಆಮೇಲೆ ತನ್ನ ಮಾತಿಗೆ ಹೊಂದಿಸಿದರಾಯಿತು ಎಂದುಕೊಂಡು ದಿನಕ್ಕೆ ನಾಲ್ವತ್ತು ಸಲ ಒತ್ತಿದ. ಪಡಸಾಲೆ, ಅಡುಗೆಮನೆ, ಹಿತ್ತಿಲು, ಎಲ್ಲ ಕಡೆಯೂ ಅವಳ ದನಿ. ಪ್ರತಿ ಸಲವೂ ಇಬ್ಬರೂ ಎದುರುಬದುರು ಕೂರುವುದು, ನಾಯಿಗೊಂದು ಚೂರು, ತನಗೊಂದು ಚೂರು. ಮೂರು ತಿಂಗಳಿಂದ ಗಂಟಲಲ್ಲಿ ಇಳಿಯದಿದ್ದ ರೊಟ್ಟಿ ಈಗ ರುಚಿಸತೊಡಗಿತು. ಪುಟಾಣಿ ಹೊಟ್ಟೆ ತುಂಬಿ ಮಲಗಿದ ಮೇಲೂ ಅವನು ಎರಡು ಸಲ ಒತ್ತಿ ಕೇಳಿದ. ಅಭ್ಯಾಸ ತಪ್ಪಬಾರದಲ್ಲ!

ಗೋಡೆಯಾಚೆ ಆ ದನಿ ಕೇಳಿಸಿಕೊಂಡು ಗುಲಾಬಬಿ ಕುದಿಯುತ್ತಿದ್ದಳು. ಬಸವೇಶ್ವರಿ ಊರಿಗೆ ಬಂದರೆ ಗೋಡೆಯ ಮೇಲಿಂದ ಅವಳಿಗೊಂದು ಬಟ್ಟಲು ಪಲ್ಯ ದಾಟಿಸದೆ ತಾನು ಉಂಡವಳಲ್ಲ. ಈಗ ನೋಡಿದರೆ ಮನೆಯಲ್ಲೇ ಇದ್ದಾಳೆ, ಪಲ್ಯ ಇಸಿದುಕೊಳ್ಳಲು ಗೋಡೆಯತ್ತ ಸುಳಿದಿಲ್ಲ, ಮಾತಿಲ್ಲ! ಗುರುವಾರ ಬೆಳಿಗ್ಗೆ ತಡೆಯಲಾರದೆ ಬಸವೇಶ್ವರಿಗೇ ಫೋನು ಹಚ್ಚಿ, "ಗಂಡಗ ನಾಲ್ವತ್ತು ಸಲ ಊಟಾ ಕೇಳ್ತಿ, ನನಗ ಒಂದು ಮಾತಿಲ್ಲೇನವಾ?" ಎಂದು ಜಗಳ ತೆಗೆದಳು. ಬಾದಾಮಿಯ ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿದು ಕುಳಿತಿದ್ದ ಬಸವೇಶ್ವರಿ, ತಾನು ಮಂಗಳವಾರ ಒಂದೇ ಸಲ ಕಳಿಸಿದ್ದ ಸಂದೇಶವನ್ನು ನೆನೆದು ಪುಸ್ತಕ ಮುಚ್ಚಿದಳು.

ಸಂಜೆ ನಾಗಲಿಂಗ ಬಾಗಿಲು ತೆಗೆದರೆ ಅವಳೇ ನಿಂತಿದ್ದಾಳೆ, ಎರಡು ದಿನ ಮೊದಲೇ! ಅವನು ಫೋನನ್ನು ಬೆನ್ನ ಹಿಂದೆ ಅಡಗಿಸಿದ. ನಾಯಿ ಏನು ಕಲಿತಿದೆ, ತೋರಿಸಿ ಎಂದಳು.

"ಕುಂದ್ರು," ಎಂದ ನಾಗಲಿಂಗ. ಪುಟಾಣಿ ಅವನ ಜೇಬು ಮೂಸಿತು. ಇನ್ನೊಮ್ಮೆ ಎಂದ. ಬಾಲ ಅಲ್ಲಾಡಿಸಿತು.

ಬಸವೇಶ್ವರಿ ಚೀಲ ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ಊಟಾ ಆತೇನ್ರಿ?"

ಪುಟಾಣಿ ತಟ್ಟನೆ ಕುಳಿತಿತು. ಆದರೆ ಅವಳು ನೋಡುತ್ತಿದ್ದುದು ನಾಯಿಯನ್ನಲ್ಲ. ಅದರೆದುರು ನಾಗಲಿಂಗನೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಕುಳಿತದ್ದು ಅವನಿಗೂ ಆಗಲೇ ತಿಳಿದದ್ದು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತಲೆ ತಗ್ಗಿಸಿ ಕೇಳಿದ: "ನಾಯಿ ಒಯ್ದ್ರ, ನೀ ಶನಿವಾರ ಬರ್ತೀ ಏನು?"

ಅವಳು ಡಬ್ಬಿಯಲ್ಲಿ ಉಳಿದಿದ್ದ ಒಂದೇ ರೊಟ್ಟಿಯನ್ನು ಮುರಿದು, ಅರ್ಧ ನಾಯಿಗೆ ಹಾಕಿ ಅರ್ಧ ಅವನ ಕೈಗಿಟ್ಟಳು. "ಒಯ್ಯೂದಾದ್ರ ಇಬ್ಬರನ್ನೂ ಒಯ್ಯಬೇಕಾಗತೈತಿ. ನನ್ನ ಖೋಲಿ ಸಣ್ಣದೈತಿ," ಎಂದಳು. ಅವಳ ಕಣ್ಣು ತುಂಬಿತ್ತು, ನಗುವೂ ತಡೆಯಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾಗಲಿಂಗನೂ ಪುಟಾಣಿಯೂ ನಿಲ್ದಾಣದತನಕ ಬಂದರು, ಅವಳು ಮೊದಲ ಬಸ್ಸು ಹತ್ತಿದಳು. ಬಸ್ಸು ತಿರುವು ದಾಟಿ ಧೂಳು ಇಳಿಯುವ ಮೊದಲೇ ಫೋನು ಗುಂಯ್‌ಗುಟ್ಟಿತು. ಒತ್ತಿದ.

"ನಾಳೆ ಬರ್ತೇನಿ. ನಾಯಿ ನೋಡಾಕಲ್ಲ."

ಇದು ಕಲಿಸದ ಪಾಠ, ಪುಟಾಣಿ ಅಲುಗಲಿಲ್ಲ. ನಾಗಲಿಂಗ ಮಾತ್ರ ನಿಲ್ದಾಣದ ಕಟ್ಟೆಯ ಮೇಲೆ ಕುಳಿತುಕೊಂಡ, ಮತ್ತೆ ಒತ್ತಿದ.