ದಾಖಲೆಯ ಪ್ರಕಾರ ಅಕ್ಕನ ಸಂಸಾರ

ಕಳೆದ ತಿಂಗಳ ಹನ್ನೊಂದನೇ ತಾರೀಕು ಮಧ್ಯಾಹ್ನ ಒಂದೂವರೆಗೆ, ನೋಂದಣಿ ಕಚೇರಿಯ ಊಟದ ವಿರಾಮದಲ್ಲಿ, ನಮ್ಮ ಅಕ್ಕನಿಗೂ ಬೇಕರಿಯವನಿಗೂ ಮದುವೆಯಾಯಿತು. ಆ ಹೊತ್ತಿಗೆ ಅಕ್ಕ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು, ಬೇಕರಿಯವನು ಒಲೆಯಿಂದ ಬನ್ನಿನ ತಟ್ಟೆ ಎಳೆಯುತ್ತಿದ್ದ. ವಧೂವರರಿಬ್ಬರಿಗೂ ವಿಷಯ ಗೊತ್ತಿರಲಿಲ್ಲ. ಅದೊಂದು ಬಿಟ್ಟರೆ ಮದುವೆಯಲ್ಲಿ ಯಾವ ಲೋಪವೂ ಇರಲಿಲ್ಲ.

ಸದರಿ ಕಚೇರಿಗೆ ಹೋದ ವರ್ಷ ಕಂಪ್ಯೂಟರ್ ಬಂತು. "ನಾಗರಿಕರ ಜನನ, ವಿವಾಹ, ಉದ್ಯೋಗ, ಮರಣ ಇತ್ಯಾದಿಗಳನ್ನು ಒಂದೇ ಕಡೆ ನಿರ್ವಹಿಸತಕ್ಕ ತಂತ್ರಾಂಶ ಬೇಕಾಗಿದೆ" ಎಂಬ ಪ್ರಕಟಣೆಯನ್ನು ನೋಟೀಸ್ ಬೋರ್ಡಿನ ಹಿಂಬದಿಗೆ ಅಂಟಿಸಿದ್ದರಿಂದ ಅಧಿಕಾರಿ ಮೇಡಂ ಅವರ ತಮ್ಮ ಒಬ್ಬರೇ ಅದನ್ನು ಓದಿದರು, ಒಬ್ಬರೇ ಸರಬರಾಜು ಮಾಡಿದರು. ಬಂದದ್ದು ಒಂದು ಡಬ್ಬಿ. ಮೇಲೆ ನಗುತ್ತಿರುವ ಒಂದು ಸಂಸಾರ, ಒಂದು ನಾಯಿ, ಒಂದು ಈಜುಕೊಳ. "ಹನ್ನೆರಡು ವರ್ಷ ಮೇಲ್ಪಟ್ಟವರಿಗೆ" ಅಂತ ಬರೆದಿತ್ತು. ಸಿಬ್ಬಂದಿ ಎಲ್ಲರೂ ಹನ್ನೆರಡು ದಾಟಿದವರೇ ಆದ್ದರಿಂದ ತಪಾಸಣೆಯವರು ಆಕ್ಷೇಪಣೆ ಎತ್ತಲಿಲ್ಲ.

ಇಂಥದ್ದಕ್ಕೆ ಹೊರಗಡೆ ವಿಡಿಯೋ ಗೇಮ್ ಅನ್ನುತ್ತಾರೆ. ಗೊಂಬೆ ಮನುಷ್ಯರನ್ನು ಮಾಡಿ, ಮನೆ ಕಟ್ಟಿಕೊಟ್ಟು, ಉಣ್ಣಿಸಿ, ಮಲಗಿಸಿ, ಕೆಲಸಕ್ಕೆ ಕಳಿಸಬೇಕು. ಹಸಿವು, ನಿದ್ದೆ, ಖುಷಿ ಅಂತ ಒಬ್ಬೊಬ್ಬರಿಗೂ ಪರದೆ ಮೇಲೆ ಒಂದೊಂದು ಹಸಿರು ಪಟ್ಟಿ; ಕಮ್ಮಿಯಾದರೆ ಕೆಂಪಾಗುತ್ತೆ. ನಾವು ನೋಡಿಕೊಳ್ಳದಿದ್ದರೆ ಅವರೇ ಏನಾದರೂ ಮಾಡಿಕೊಳ್ಳುತ್ತಾರೆ. ಕಚೇರಿಯಲ್ಲಿ ಮಾತ್ರ ಅದಕ್ಕೆ ದಾಖಲೆ ಅನ್ನತಕ್ಕದ್ದು. ಯಾರೇ ಅರ್ಜಿ ಕೊಟ್ಟರೂ ಗುಮಾಸ್ತರು ಅವರದೊಂದು ಗೊಂಬೆ ಮಾಡಿ ಒಂದು ಮನೆಗೆ ಬಿಡುತ್ತಾರೆ. ಮುಂದೆ ಆ ಗೊಂಬೆಗೆ ಏನಾಯಿತೋ ಅರ್ಜಿದಾರರಿಗೂ ಅದೇ ಆಯಿತು ಎಂದು ಭಾವಿಸತಕ್ಕದ್ದು ಅಂತ ಸುತ್ತೋಲೆ ಇದೆ.

ಜವಾನನ ಗೊಂಬೆ ಒಂದೇ ವಾರದಲ್ಲಿ ಮೇಯರ್ ಆಯಿತು. ಅಂದಿನಿಂದ ಜವಾನ ಟೀ ತಂದಾಗ ಮೇಡಂ ಎದ್ದು ನಿಂತು ಲೋಟ ತಗೋತಾರೆ. ಮೇಡಂ ಅವರ ಗೊಂಬೆ ದಿನಾ ಬೆಳಿಗ್ಗೆ ಈಜುತ್ತೆ. ಮೇಡಂಗೆ ಎರಡೂ ಮಂಡಿ ನೋವು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿಯಬೇಕು. ಅದಕ್ಕೇ ಅವರು ಆ ಈಜು ನೋಡುವ ಹೊತ್ತಿನಲ್ಲಿ ಯಾವ ಕಡತವನ್ನೂ ಅವರ ಮುಂದೆ ಇಡುವ ಹಾಗಿಲ್ಲ.

ಇಂಥ ಕಚೇರಿಗೆ ಅಕ್ಕ ಮತ್ತು ಲಿಫ್ಟ್ ರಿಪೇರಿ ಮಾಡುವವರೊಬ್ಬರು ಮದುವೆ ನೋಂದಣಿಗೆ ಅರ್ಜಿ ಹಾಕಿದರು. ಲಿಫ್ಟ್‌ನವರು ಅಂದರೆ ನಮ್ಮ ಭಾವ, ಅಂದರೆ ಆಗಬೇಕಿದ್ದ ಭಾವ. ಅವರ ಕಂಪನಿ ಬೇರೆ ಊರಿಗೆ ವರ್ಗ ಮಾಡಿತ್ತು. ಮದುವೆಯಾದವರಿಗೆ ಮನೆ, ಆಗದವರಿಗೆ ಏಳು ಜನರ ಕೋಣೆಯಲ್ಲಿ ಒಂದು ಮೂಲೆ. ಮೂವತ್ತನೇ ತಾರೀಕಿನೊಳಗೆ ಪ್ರಮಾಣಪತ್ರ ಕೊಡದಿದ್ದರೆ ಮನೆ ಇನ್ನೊಬ್ಬರ ಪಾಲು, ಅಕ್ಕ ಇಲ್ಲೇ. ಮೂರು ವರ್ಷ ಕಾದವಳು ಅವಳು. ಮೂವತ್ತನೇ ತಾರೀಕು ಅಂದರೆ ಸಾಕು, ಕೈಯಲ್ಲಿದ್ದ ಪಾತ್ರೆ ಕೆಳಗೆ ಬೀಳುತ್ತಿತ್ತು.

ಅರ್ಜಿಯಲ್ಲಿ "ಮೂರು ಗುಣಗಳು" ಅಂತ ಒಂದು ಕಾಲಂ. ಅಮ್ಮ ತುಂಬಿದಳು: ಜಗಳ ಬರುತ್ತೆ, ಲೆಕ್ಕ ಬರುತ್ತೆ, ಹಲ್ಲು ಗಟ್ಟಿ. ಗುಮಾಸ್ತರು ಅದರಂತೆಯೇ ಅಕ್ಕನ ಗೊಂಬೆ ಮಾಡಿ ಒಂದು ಖಾಲಿ ಮನೆಗೆ ಬಿಟ್ಟರು. ಆಮೇಲೆ ಭಾವನ ಗೊಂಬೆ ಶುರುಮಾಡಿದರು. ಮೂಗು ಒಂದು ಬಾಕಿ ಇರುವಾಗ ಊಟದ ಗಂಟೆ ಹೊಡೆಯಿತು. ನಿಯಮದ ಪ್ರಕಾರ ಯಾವ ಮೂಗನ್ನೂ ಊಟದ ವಿರಾಮದಲ್ಲಿ ಇಡುವಂತಿಲ್ಲ.

ಪಕ್ಕದ ಮನೆಯಲ್ಲಿದ್ದದ್ದು ಬೇಕರಿಯವನ ಗೊಂಬೆ. ಅಸಲಿ ಬೇಕರಿಯವನು ಅಪ್ಪನ ಮರಣ ಪತ್ರಕ್ಕೆ ಬಂದಾಗ ಮಾಡಿದ್ದು. ಅದು ಹೊಸ ನೆರೆಯವರನ್ನು ಮಾತಾಡಿಸೋಣ ಅಂತ ಕೇಕ್ ಹಿಡಿದು ಬಾಗಿಲು ತಟ್ಟಿತು. ಗುಮಾಸ್ತರು ಕೈ ತೊಳೆದು ಬರುವಷ್ಟರಲ್ಲಿ ಮದುವೆ ಮುಗಿದಿತ್ತು. ಅಲ್ಲಿಯ ಒಂದು ದಿನ ಅಂದರೆ ನಮ್ಮ ಅರ್ಧ ಗಂಟೆ. ಹಾಗಾಗಿ ಅಕ್ಕ ಪ್ರಮಾಣಪತ್ರ ಕೇಳಲು ಹೋಗುವ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು.

"ನಿಮಗೆ ಆಗಲೇ ಮದುವೆಯಾಗಿದೆಯಲ್ಲಮ್ಮ" ಅಂದರು ಗುಮಾಸ್ತರು.

"ಯಾರ ಜೊತೆ?"

"ಒಳ್ಳೆ ಮನುಷ್ಯ. ಸ್ವಂತ ಅಂಗಡಿ ಇದೆ."

ಅಕ್ಕ ಪರದೆ ನೋಡಿದಳು. ಅದರಲ್ಲಿ ಅವಳು ಗೋಡೆಗೆ ಹಳದಿ ಬಣ್ಣ ಬಳಿಯುತ್ತಿದ್ದಳು, ಮಕ್ಕಳು ಸೋಫಾ ಮೇಲೆ ಕುಣಿಯುತ್ತಿದ್ದವು. ಇದನ್ನೆಲ್ಲ ಅಳಿಸಿಹಾಕಿ, ಸರಿಯಾಗಿ ಬರೀರಿ ಅಂದಳು. ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಳಿಸೋದು ಏನ್ ಮಹಾ, ಒಂದು ಗುಂಡಿ ಒತ್ತಿದರೆ ಆಯ್ತು. ಆದರೆ ಆ ದೊಡ್ಡವಳಿಗೆ ಸೈಕಲ್ ಕಲಿಸಿದ್ದು ನಾನು ಕಣಮ್ಮ."

ಈ ಕಾರಣ ಕಡತದಲ್ಲಿ ದಾಖಲಾಯಿತು. ಅಕ್ಕ ಮೇಲ್ಮನವಿ ಹಾಕಿದಳು.

ಗುಮಾಸ್ತರಿಗೆ ಚೆನ್ನಾಗಿ ಉಗಿದು ಬರುತ್ತೇನೆ ಅಂತ ಮರುದಿನ ಅಮ್ಮ ಹೊರಟಳು. ಸಂಜೆ ಐದಕ್ಕೆ, ಕಚೇರಿ ಬಾಗಿಲು ಹಾಕಿದ ಮೇಲೆ ವಾಪಸು ಬಂದಳು. ಉಗಿದೆಯಾ ಅಂತ ಅಕ್ಕ ಕೇಳಿದರೆ, ಚಿಕ್ಕದಕ್ಕೆ ಥೇಟ್ ನಮ್ಮನೆ ಕಣ್ಣು ಅಂದಳು. ಆಮೇಲೆ ದಿನಾ ಹತ್ತಕ್ಕೆ ಹೋಗುವುದು ಶುರುವಾಯಿತು. ಮೊಮ್ಮಕ್ಕಳು ತಿಂದವಾ, ಮಲಗಿದವಾ ಅಂತ ಗುಮಾಸ್ತರ ಪಕ್ಕ ಸ್ಟೂಲು ಹಾಕಿಕೊಂಡು ಕೂರುವಳು. ಜನನ ಪತ್ರಕ್ಕೆ ಸಾಲಿನಲ್ಲಿ ನಿಂತವರೂ ತಮ್ಮ ಸರದಿ ಬಿಟ್ಟು ನೋಡುತ್ತಿದ್ದರು. ಒಬ್ಬ ದರ್ಜಿಯಂತೂ ತನ್ನ ಅರ್ಜಿ ವಿಲೇವಾರಿಯಾದ ಮೇಲೂ ಒಂದು ವಾರ ಬಂದ.

ಇಪ್ಪತ್ತೆಂಟಕ್ಕೆ ವಿಚಾರಣೆ. ಭಾವನಿಗೆ ಮೊದಲೇ ತಲೆ ಕೆಟ್ಟಿತ್ತು. "ಮೇಡಂ, ಇದು ಗೇಮು" ಅಂದುಬಿಟ್ಟರು. ಜವಾನ, ಅಂದರೆ ಮೇಯರ್, ಬಾಗಿಲ ಬಳಿಯಿಂದ ನೊಂದುಕೊಂಡು ನೋಡಿದ. ಇನ್ನೊಮ್ಮೆ ಹಾಗೆ ಅಂದರೆ ಕಚೇರಿ ನಿಂದನೆಯಾಗುತ್ತದೆ ಎಂದು ಮೇಡಂ ಎಚ್ಚರಿಸಿದರು. ಮತ್ತು ಮೂಗು ಕೂಡ ಇಲ್ಲದ ವ್ಯಕ್ತಿಯ ಹೇಳಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕಡತದಲ್ಲಿ ಪ್ರಶ್ನೆಚಿಹ್ನೆ ಹಾಕಿಕೊಂಡರು.

ಬೇಕರಿಯವನನ್ನೂ ಕರೆಸಿದ್ದರು. ಮೊಣಕೈವರೆಗೂ ಹಿಟ್ಟು, ನಲವತ್ತು ದಾಟಿದ ಒಂಟಿ ಮನುಷ್ಯ. ತನಗೆ ಯಾವ ತಕರಾರೂ ಇಲ್ಲ, ಬಿಡು ಅಂದರೆ ಬಿಡುತ್ತೇನೆ ಅಂದ. ಆಮೇಲೆ ಪರದೆ ಕಡೆ ತಿರುಗಿದ. ಅಲ್ಲಿ ಅವನ ಗೊಂಬೆ ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಬಂದು ನೋಡಿ ಹೋಗಬಹುದಾ ಅಂತ ಕೇಳಿದ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದರ್ಜಿಯೂ ಒರೆಸಿಕೊಂಡ. ಅಕ್ಕ ಮಾತ್ರ ಗಡಿಯಾರ ನೋಡುತ್ತಿದ್ದಳು.

"ಮೇಡಂ, ನಾಳಿದ್ದು ಮೂವತ್ತು" ಅಂದಳು. "ಆ ಮಕ್ಕಳಿಗೆ ನಾನೇನೂ ಕೆಟ್ಟದ್ದು ಬಯಸಲ್ಲ. ನನಗೊಂದು ದಾರಿ ತೋರಿಸಿ."

ಮೇಡಂ ದಾರಿ ತೋರಿಸಿದರು. ಆದೇಶ ಹೀಗಿತ್ತು: "ಅರ್ಜಿದಾರಳ ಹಾಲಿ ಸಂಸಾರವು ಸುಖವಾಗಿ ನಡೆಯುತ್ತಿರುವುದನ್ನು ಈ ಕಚೇರಿಯು ಖುದ್ದಾಗಿ ದಿನವೂ ನೋಡುತ್ತಿರುವುದರಿಂದ ಸದರಿ ವಿವಾಹವನ್ನು ಊರ್ಜಿತಗೊಳಿಸಲಾಗಿದೆ. ಲಿಫ್ಟ್ ರಿಪೇರಿಯವರಿಗೆ ಕೂಡಲೇ ಮೂಗು ಮಂಜೂರು ಮಾಡಿ, ಅದೇ ಮನೆಯಲ್ಲಿ 'ಇತರೆ' ಎಂದು ಸೇರಿಸತಕ್ಕದ್ದು. ಅರ್ಜಿದಾರಳು ಮತ್ತು 'ಇತರೆ'ಯವರು ದಾಖಲೆಯ ಹೊರಗೆ ಗಂಡಹೆಂಡತಿಯಾಗಿ ಬಾಳಲು ಇಚ್ಛಿಸಿದಲ್ಲಿ, ಅದನ್ನು ಈ ಕಚೇರಿಯ ಗಮನಕ್ಕೆ ತಾರದೆ ಬಾಳತಕ್ಕದ್ದು."

ಕುಟುಂಬದ ಪ್ರಮಾಣಪತ್ರ ಇಪ್ಪತ್ತೊಂಬತ್ತಕ್ಕೇ ಕೈಗೆ ಬಂತು. ಅಷ್ಟು ಬೇಗ ಯಾರಿಗೂ ಬಂದದ್ದಿಲ್ಲ. ಕಂಪನಿಯವರು ಅದನ್ನು ನೋಡಿ ತಕರಾರು ಎತ್ತಲಿಲ್ಲ. ಮನೆಯಲ್ಲಿ ವಿವಾಹಿತರು ಇದ್ದಾರೆಯೇ ಅಂತ ಅವರ ಕಾಲಂ. ಯಾರು ಯಾರಿಗೆ ಅನ್ನುವ ಕಾಲಂ ಅವರಲ್ಲಿ ಇರಲಿಲ್ಲ. ಒಟ್ಟು ಐದು ಜನ ಅಂತ ಎಣಿಸಿ, ಒಂದು ಕೋಣೆ ಹೆಚ್ಚಿಗಿರುವ ಮನೆ ಕೊಟ್ಟರು.

ಅಕ್ಕ ಈಗ ಆ ಮನೆಯಲ್ಲಿದ್ದಾಳೆ. ಹೋದ ವಾರ ಕಂಪನಿಯ ತಪಾಸಣೆಯವರು ಬಂದು, ಪಟ್ಟಿಯಲ್ಲಿರುವ ಗಂಡ ಎಲ್ಲಿ, ಮಕ್ಕಳೆಲ್ಲಿ ಅಂತ ಕೇಳಿದರು. ಅವರು ಬೇಕರಿಗೆ ಹೋಗಿದ್ದಾರೆ, ದೊಡ್ಡವಳು ಶಾಲೆಯಲ್ಲಿದ್ದಾಳೆ, ಚಿಕ್ಕವಳಿಗೆ ನಿನ್ನೆಯಿಂದ ಖುಷಿ ಕಮ್ಮಿ ಅಂದಳು ಅಕ್ಕ. ತಪಾಸಣೆಯವರು ಮೂರಕ್ಕೂ ಗುರುತು ಹಾಕಿಕೊಂಡು, ಚಿಕ್ಕವಳಿಗೆ ಒಂದು ನಾಯಿ ಕೊಡಿಸಿ, ನಮ್ಮನೆಯಲ್ಲೂ ಹಾಗೇ ಆಗಿತ್ತು ಅಂತ ಹೇಳಿ ಹೋದರು.

ಭಾವ ಒಬ್ಬರು ಮಾತ್ರ ಅಷ್ಟು ಬೇಗ ಜಗ್ಗಲಿಲ್ಲ. ಗುಮಾಸ್ತರು ಫೋನ್ ಮಾಡಿ, ನಿಮ್ಮ ನಿದ್ದೆ ಪಟ್ಟಿ ಕೆಂಪಾಗಿದೆ, ಆ ಮನೆಯಲ್ಲಿ ನಿಮಗೆ ಮಂಚ ಇಲ್ಲ ಅಂದಾಗ, ಹಾಳಾಗಿ ಹೋಗಲಿ ಅಂತ ಇಟ್ಟುಬಿಟ್ಟರು. ಪಾನಾ ಹಿಡಿದು ಒಂದು ನಟ್ಟು ಬಿಗಿ ಮಾಡಿದರು. ಆಮೇಲೆ ತಾವೇ ಫೋನ್ ಮಾಡಿದರು.

"ಎಷ್ಟು ಕೆಂಪು?"

ತುಂಬ ಕೆಂಪು ಅಂತ ಉತ್ತರ ಬಂತು. ಭಾವ ಮಂಚಕ್ಕೆ ಅರ್ಜಿ ಹಾಕಿದರು, ಮೂರು ಪ್ರತಿ. ಮೊನ್ನೆ ಕಚೇರಿಯಿಂದ ಪತ್ರ ಬಂದಿದೆ: "ಮಂಚದ ವಿಚಾರ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ 'ಇತರೆ'ಯವರು ಸೋಫಾದ ಎಡತುದಿಯಲ್ಲಿ, ಮಕ್ಕಳ ಆಟಕ್ಕೆ ಅಡ್ಡಿಯಾಗದಂತೆ, ಕಾಲು ಮಡಚಿ ಮಲಗತಕ್ಕದ್ದು."

ಪತ್ರ ಬಂದಾಗಿನಿಂದ ಭಾವ ಮನೆಯಲ್ಲೂ ಕಾಲು ಮಡಚಿಯೇ ಮಲಗುತ್ತಾರೆ.