ಹಾಯಿದೋಣಿಗೆ ಮೋಟಾರ್ ಹುಡುಕಿದ್ದು

ಸಮುದ್ರವಿಲ್ಲದ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲದ ಬೆಂಗಳೂರಲ್ಲಿ ದೋಣಿ ಇಟ್ಟುಕೊಂಡವನಿಗೆ ನೆಟ್ಟಗಿನ ಅನುಭವಗಳು ಆಗುವುದು ಕಡಿಮೆ. ಒಂದು ಎಡವಟ್ಟು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ, ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುತ್ತಿದ್ದ ಶ್ರೀರಾಂಪುರದ ಗೆಳೆಯನೂ ಸೇರಿ ಪ್ಲೈವುಡ್ಡಿನಲ್ಲಿ ಒಂದು ಹಾಯಿದೋಣಿ ಕಟ್ಟಿದೆವು. ಅದನ್ನು ಊರಾಚೆಯ ದೊಡ್ಡ ಕೆರೆಯೊಂದರಲ್ಲಿ ಲಂಗರು ಹಾಕಿ ನಿಲ್ಲಿಸಿ, ದಡದಿಂದ ಅದರವರೆಗೆ ಹೋಗಿಬರಲು ಇನ್ನೊಂದು ಪುಟ್ಟ ದೋಣಿ ಇಟ್ಟುಕೊಂಡೆವು. ಮೋಟಾರಿನ ಯೋಚನೆ ನಮಗೆ ಇರಲೇ ಇಲ್ಲ. ಅದು ಬಂದದ್ದು ಹೀಗೆ.

ಗಾಳಿ ನಿಂತ ಸಂಜೆ

ಒಂದು ಭಾನುವಾರ ಸಂಜೆ ಕೆರೆಯ ನಟ್ಟನಡುವೆ ಗಾಳಿ ನಿಂತುಬಿಟ್ಟಿತು. ಹಾಯಿ ಒಣಹಾಕಿದ ಸೀರೆಯ ಹಾಗೆ ಜೋತುಬಿತ್ತು. ಹುಟ್ಟು ಹಾಕೋಣವೆಂದರೆ ಹುಟ್ಟುಗಳು ಪುಟ್ಟ ದೋಣಿಯಲ್ಲಿದ್ದವು, ಪುಟ್ಟ ದೋಣಿ ಲಂಗರಿನ ಹತ್ತಿರ ಇತ್ತು. ಹಕ್ಕಿಗಳೆಲ್ಲ ಸುಮ್ಮನಾದವು. ನೀರು ನಿಧಾನವಾಗಿ ಕಪ್ಪಗಾಗುತ್ತ ಬಂತು.

ಆಗ ದೋಣಿ ಹೊರಟಿತು. ಒಂದೆಲೆ ಅಲುಗುವಷ್ಟೂ ಗಾಳಿಯಿಲ್ಲ, ಆದರೂ ಯಾರೋ ಕೈಹಿಡಿದು ಕರೆದುಕೊಂಡು ಹೋಗುತ್ತಿರುವ ಹಾಗೆ ಮೆತ್ತಗೆ ಸಾಗುತ್ತಿದೆ. ಗೆಳೆಯ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ನೋಡಿದರೆ ಇದು ನಿಜ ಅಂತ ಖಾತ್ರಿಯಾಗಿಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು, ‘ಈ ಕೆರೇಲಿ ಯಾರಾದ್ರೂ...’ ಅಂತ ಶುರುಮಾಡಿ ತಾನೇ ನಿಲ್ಲಿಸಿದ. ಅಷ್ಟರಲ್ಲಿ ಮುಂದಿನ ನೀರಿನೊಳಗಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ನಾನು ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳಿಕೊಂಡೆ.

ದಡದ ಹತ್ತಿರ ನೀರಿನಿಂದ ಎರಡು ಕೊಂಬು ಎದ್ದವು. ಮುಂದುಗಡೆ ಜಾರಿಬಿದ್ದಿದ್ದ ನಮ್ಮ ಹಗ್ಗ ಎಮ್ಮೆಯ ಕೊಂಬಿಗೆ ಸುತ್ತಿಕೊಂಡು, ಹೊತ್ತಾಯಿತೆಂದು ಮನೆಗೆ ಹೊರಟ ಎಮ್ಮೆ ನಮ್ಮನ್ನೂ ಎಳೆದುಕೊಂಡು ಬಂದಿತ್ತು. ಕಾಯುತ್ತ ನಿಂತಿದ್ದ ಎಮ್ಮೆಯವನು ಹಗ್ಗ ಬಿಡಿಸಿ, ನಮ್ಮನ್ನು ಮೇಲಿಂದ ಕೆಳಗೆ ನೋಡಿ, ನೀವು ಇದನ್ನ ಹಿಡಿದಿದ್ದೋ, ಇದು ನಿಮ್ಮನ್ನ ಹಿಡಿದಿದ್ದೋ ಅಂತ ಕೇಳಿದ.

ಮಲ್ಲೇಶ್ವರದ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ ನಗಲಿಲ್ಲ. ‘ಇನ್ಮೇಲೆ ಮೋಟಾರ್ ಇಲ್ದೆ ಹೋಗೋ ಹಾಗಿಲ್ಲ. ಇಲ್ಲಾಂದ್ರೆ ಆ ಎಮ್ಮೇನೇ ತಗೊಂಬಿಡಿ, ಹಾಲಾದ್ರೂ ಸಿಗುತ್ತೆ’ ಅಂದಳು.

ಅಣ್ಣನ ಮೋಟಾರ್

ನಮಗೆ ಬೇಕಾದದ್ದು ದೋಣಿಯ ಹಿಂಬದಿಗೆ ಸಿಕ್ಕಿಸಿ ತೆಗೆಯುವಂಥ, ಎರಡೂ ದೋಣಿಗೆ ಹೊಂದುವ ಒಂದೇ ಮೋಟಾರ್. ಭಾರ ಜಾಸ್ತಿಯಾದರೆ ಪುಟ್ಟ ದೋಣಿ ಹಿಂದಕ್ಕೆ ಕುಕ್ಕರಿಸಿ ಕೂರುತ್ತದೆ. ನೀರಿಗೆ ಇಳಿಬಿಡುವ ಮೋಟಾರಿನ ಕಾಲು ಗಿಡ್ಡವಾದರೆ ಹಾಯಿದೋಣಿಯ ಎತ್ತರದಿಂದ ಅದರ ಫ್ಯಾನು ನೀರನ್ನೇ ಮುಟ್ಟುವುದಿಲ್ಲ. ಬೆಂಗಳೂರಿನ ಅಂಗಡಿಯವರನ್ನು ಕೇಳಿದರೆ ಬಾವಿಯ ಪಂಪು ತೋರಿಸುತ್ತಿದ್ದರು. ಬಸವನಗುಡಿಯ ಒಂದು ಮನೆಯಲ್ಲಿ ಹಳೆಯದೊಂದಿದೆ ಅಂತ ಯಾರೋ ಹೇಳಿದ್ದಕ್ಕೆ ಇಬ್ಬರೂ ಹೋದೆವು.

ಮಧ್ಯಾಹ್ನವಾದರೂ ಮನೆಯೊಳಗೆ ಮಬ್ಬುಗತ್ತಲು. ಯಜಮಾನರಿಗೆ ವಯಸ್ಸಾಗಿತ್ತು, ಮಾತೆಲ್ಲ ಪಿಸುದನಿಯಲ್ಲಿ. ಮೋಟಾರ್ ತಮ್ಮ ಅಣ್ಣನದಂತೆ, ಕಾರವಾರದಲ್ಲಿ ಕೆಲಸದಲ್ಲಿದ್ದಾಗ ತಂದದ್ದಂತೆ. ‘ಅಣ್ಣನಿಗೆ ಇದರ ಮೇಲೆ ಪ್ರಾಣ. ದಿನಾ ಒರೆಸೋರು, ಮಾತಾಡ್ಸೋರು. ಎಲ್ಲ ಮುಗೀತು ಬಿಡಿ’ ಅಂತ ನಿಟ್ಟುಸಿರಿಟ್ಟು ಒಳಕೋಣೆಗೆ ಕರೆದೊಯ್ದರು.

ಗೋಡೆಗೆ ಒರಗಿಸಿದ ಮೋಟಾರಿನ ಮೇಲೆ ಬಿಳೀ ಪಂಚೆ ಹೊದಿಸಿತ್ತು. ತಲೆ, ಭುಜ, ಒಂಟಿ ಕಾಲು, ಥೇಟ್ ಮನುಷ್ಯನೇ ನಿಂತ ಹಾಗಿತ್ತು. ಪಕ್ಕದಲ್ಲಿ ಊದುಬತ್ತಿ ಉರಿಯುತ್ತಿತ್ತು. ಗೆಳೆಯ ಪಂಚೆ ಸರಿಸಲು ಕೈ ಚಾಚಿದ.

‘ಮುಟ್ಟಬೇಡಿ.’

ಧ್ವನಿ ಬಂದದ್ದು ಕತ್ತಲೆಯಿಂದ. ಗೆಳೆಯನ ಕೈ ಗಾಳಿಯಲ್ಲೇ ನಿಂತಿತು. ನನಗೆ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅನ್ನುವುದೇ ಮರೆತುಹೋಯಿತು. ಮೂಲೆಯ ಮಂಚದ ಮೇಲಿನ ಕಂಬಳಿ ಮೆಲ್ಲಗೆ ಮೇಲೆದ್ದು, ಅದರೊಳಗಿಂದ ತೀರಾ ಸಣಕಲಾದ ಒಬ್ಬ ಮುದುಕರು ಎದ್ದು ಕೂತರು. ‘ನಾನು ಸತ್ತಿದೀನಿ ಅಂದ್ನಾ ಇವತ್ತೂ?’ ಅಂತ ನಮ್ಮನ್ನೇ ಕೇಳಿದರು. ಅವರೇ ಅಣ್ಣ.

ತಮ್ಮ ಒಂಚೂರೂ ಗಲಿಬಿಲಿಗೊಳ್ಳಲಿಲ್ಲ. ನಮ್ಮನ್ನು ಬಾಗಿಲವರೆಗೆ ಬಿಟ್ಟು, ಅದೇ ಪಿಸುದನಿಯಲ್ಲಿ ಹೇಳಿದರು: ‘ಮುಂದಿನ್ವಾರ ಬನ್ನಿ. ಇವತ್ತು ಅವ್ರಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ.’

ಹೊಗೆ

ಕೊನೆಗೆ ಮಾವಳ್ಳಿಯ ಒಂದು ಶೆಡ್ಡಿನಲ್ಲಿ ಎರಡು ಮೋಟಾರ್ ಸಿಕ್ಕವು. ಒಂದು ದೊಡ್ಡದು, ಜೋರಿನದು. ಇನ್ನೊಂದು ಸಣ್ಣದು, ಕಾಲು ಮಾತ್ರ ಉದ್ದ. ಗೆಳೆಯ ದೊಡ್ಡದೇ ಬೇಕೆಂದು ಹಟ ಹಿಡಿದ. ಹಾಗಾದರೆ ಗೇಟಿನವರೆಗೆ ಎತ್ತಿಕೊಂಡು ಬಾ ಅಂದೆ. ಅರ್ಧ ದಾರಿಯಲ್ಲಿ ಅದನ್ನು ಕೆಳಗಿಟ್ಟು, ಸಣ್ಣದೇ ನೋಡೋಕೆ ಲಕ್ಷಣವಾಗಿದೆ ಅಂದ.

ಪರೀಕ್ಷೆಗೆಂದು ಅದನ್ನು ನಮ್ಮ ಮನೆಯ ಹಿತ್ತಲಿಗೆ ತಂದು, ನೀರು ತುಂಬಿದ ಡ್ರಮ್ಮಿಗೆ ಕಟ್ಟಿ, ಚಾಲೂ ಮಾಡುವ ಹಗ್ಗ ಎಳೆದೆವು. ಶುರುವಾಯಿತು, ನಿಲ್ಲಿಸಲು ಮಾತ್ರ ಆಗಲಿಲ್ಲ. ಗುಂಡಿ ಒತ್ತಿದರೂ ಅದು ತನ್ನ ಪಾಡಿಗೆ ಗುರ್ ಅನ್ನುತ್ತಲೇ ಇತ್ತು. ಪೆಟ್ರೋಲಿಗೆ ಎಣ್ಣೆ ಜಾಸ್ತಿ ಬೆರೆಸಿದ್ದರಿಂದ ನೀಲಿ ಹೊಗೆ ಹಿತ್ತಲನ್ನೆಲ್ಲ ತುಂಬಿ, ನಮಗೆ ನಮ್ಮ ಕೈಯೇ ಕಾಣದಾಯಿತು. ಗೆಳೆಯ ತಡಕಾಡಿ ಪೆಟ್ರೋಲಿನ ತಿರುಪು ಮುಚ್ಚಿದ. ಗಕ್ಕನೆ ಎಲ್ಲ ನಿಶ್ಶಬ್ದ.

ಆ ಹೊಗೆಯಾಚೆಯಿಂದ ಒಂದು ಹೆಣ್ಣು ಧ್ವನಿ ಕೇಳಿತು. ‘ಬಂದ್ರಾ?’

ಕೆಳಗಿನ ಮನೆಯ ಮುದುಕಿ, ನಮ್ಮ ಮನೆ ಓನರು. ಇಂಥದೇ ಹೊಗೆ ಬಿಡುವ ಸ್ಕೂಟರಿನಲ್ಲಿ ಓಡಾಡುತ್ತಿದ್ದರಂತೆ ಆಕೆಯ ಗಂಡ, ನಾವು ಬಾಡಿಗೆಗೆ ಬರುವ ಮೊದಲೇ ತೀರಿಕೊಂಡಿದ್ದರು. ‘ಅಲ್ಲೇ ಯಾಕೆ ನಿಂತ್ರಿ? ಕಾಲು ತೊಳ್ಕೊಂಡು ಒಳಗೆ ಬನ್ನಿ’ ಅಂದಿತು ಧ್ವನಿ. ಆ ದನಿಯಲ್ಲಿ ಏನಿತ್ತೋ, ಗೆಳೆಯ ಹೋಗಿ ನಲ್ಲಿಯ ಕೆಳಗೆ ಕಾಲು ತೊಳೆಯತೊಡಗಿದ.

ಹೊಗೆ ಕರಗಿತು. ಆಕೆ ಅವನನ್ನೂ ನನ್ನನ್ನೂ ನೋಡಿದರು, ಮುಖ ಬಾಡಿತು. ‘ನೀವಾ. ಯಾರೋ ಬೇಕಾದೋರು ಅಂದ್ಕೊಂಡೆ’ ಅಂತ ಬಾಗಿಲು ಹಾಕಿಕೊಂಡರು.

ಮಂಟಪಗಳು

ಗುಂಡಿ ರಿಪೇರಿ ಮಾಡಿಸಿ, ಡಿಸೆಂಬರಿನ ಒಂದು ಮುಂಜಾನೆ ಮೋಟಾರನ್ನು ಪುಟ್ಟ ದೋಣಿಗೆ ಬಿಗಿದು ಹಾಯಿದೋಣಿಯ ಕಡೆ ಹೊರಟೆವು. ದಟ್ಟ ಮಂಜು. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂದೆ ಮುಂದೆ ಏನೂ ಕಾಣಲಿಲ್ಲ. ನಾನು ಮೋಟಾರಿನ ಹಿಡಿ ಹಿಡಿದು ನೇರವಾಗಿ ನಡೆಸುತ್ತಿದ್ದೆ, ಅಥವಾ ಹಾಗಂದುಕೊಂಡಿದ್ದೆ.

ಬಲಗಡೆ ಮಂಜಿನಲ್ಲಿ ಒಂದು ಕಲ್ಲುಮಂಟಪ ಮೂಡಿತು. ಆ ವರ್ಷ ಮಳೆ ಕಮ್ಮಿ, ಕೆರೆ ಇಳಿದು ಮುಳುಗಿದ್ದ ಮಂಟಪ ಮೇಲೆದ್ದಿದೆ ಅಂದುಕೊಂಡೆವು. ಅದರೊಳಗೆ ಕರೀ ಕಂಬಳಿ ಹೊದ್ದ ಒಬ್ಬ ಮನುಷ್ಯ ಅಲುಗಾಡದೆ ಕೂತಿದ್ದ. ನಾವು ದಾಟಿ ಹೋದೆವು. ತುಸು ಹೊತ್ತಿಗೆ ಇನ್ನೊಂದು ಮಂಟಪ ಬಂತು. ಅದರೊಳಗೂ ಒಬ್ಬ ಮನುಷ್ಯ, ಅದೇ ಕಂಬಳಿ.

‘ಅಣ್ಣತಮ್ಮಂದಿರಿರಬೇಕು’ ಅಂದ ಗೆಳೆಯ.

ಮೂರನೆಯ ಮಂಟಪವೂ ಬಂತು. ಅದರಾಚೆ ಮತ್ತೊಂದು, ಅದರಾಚೆ ಇನ್ನೊಂದು. ಎಲ್ಲದರಲ್ಲೂ ಅವನೇ ಕೂತು ನಮ್ಮನ್ನೇ ನೋಡುತ್ತಿದ್ದಾನೆ. ಮುಳುಗಿದ ಊರೊಂದರ ಬೀದಿಯಲ್ಲಿ ಹೋಗುತ್ತಿದ್ದೇವೆ ಅನ್ನಿಸಿತು. ಬೇಗ ದಾಟಿಬಿಡೋಣವೆಂದು ಮೋಟಾರ್ ಜೋರು ಮಾಡಿದೆ. ಮಂಟಪಗಳೂ ಬೇಗಬೇಗ ಬರತೊಡಗಿದವು.

ಕೊನೆಗೆ ಪೆಟ್ರೋಲ್ ಖಾಲಿಯಾಗಿ ಮೋಟಾರ್ ನಿಂತಿತು. ದೋಣಿ ತೇಲುತ್ತಾ ಹೋಗಿ ಸರಿಯಾಗಿ ಒಂದು ಮಂಟಪದ ಕಂಬಕ್ಕೆ ತಾಗಿತು. ಗೆಳೆಯ ಕಣ್ಣು ಮುಚ್ಚಿಕೊಂಡ. ಮನುಷ್ಯ ಕಂಬಳಿ ಸರಿಸಿದ. ಕೈಯಲ್ಲಿ ಗಾಳದ ಕೋಲಿತ್ತು, ಹಿಂದೆ ಅವನ ಹರಿಗೋಲು ಕಟ್ಟಿತ್ತು. ಮೀನೆಲ್ಲ ಓಡಿಹೋಗಿದ್ದರೂ ಅವನು ಭಕ್ತಿಯಿಂದ ನಮಗೆ ಕೈಮುಗಿದು ಕೇಳಿದ:

‘ಎಷ್ಟು ಸುತ್ತಿನ ಹರಕೆ ಸ್ವಾಮಿ?’