ಬಿಳಿ ಸೇವಂತಿಗೆಯ ಸತ್ಕಾರ

"ಜಪಾನಿ ಭಾಷೆ ಏನು ಮಹಾ! ಗಂಟಲು ಗಟ್ಟಿಯಿದ್ರೆ ಯಾವ ಭಾಷೆಯೂ ಬಗ್ಗುತ್ತೆ!" ಎಂದು ದಿವಾಕರ ಲೈಬ್ರರಿಯಿಂದ ಕ್ಯಾಸೆಟ್ಟುಗಳ ಮೂಟೆಯನ್ನೇ ಹೊತ್ತು ತಂದ.

ಶೋಕಿಗಲ್ಲ, ಹೊಟ್ಟೆಪಾಡಿಗೆ. ಬರ್ಮಿಂಗ್‌ಹ್ಯಾಮಿನಲ್ಲಿ ಅವನು ಎಂಜಿನಿಯರಾಗಿದ್ದ ಕಾರ್ಖಾನೆಯನ್ನು ತೊಂಬತ್ತೆಂಟರಲ್ಲಿ ಜಪಾನಿನವರು ಕೊಂಡಿದ್ದರು. ಕ್ರಿಸ್ಮಸ್ಸಿಗೆ ಅವನ ವಿಭಾಗಕ್ಕೆ ಬೀಗ. ಒಬ್ಬನಿಗೆ ಮಾತ್ರ ನಗೋಯಾದಲ್ಲಿ ತರಬೇತಿ, ಆಮೇಲೂ ಕೆಲಸ. ಉಳಿದವರಿಗೆ ಮನೆ ದಾರಿ. ಆ ಒಬ್ಬನನ್ನು ಆರಿಸುವವರು ಜಪಾನಿನಿಂದ ಬಂದ ಹೊಸ ಮ್ಯಾನೇಜರ್ ಹಯಾಕಾವಾ. ಅವರನ್ನೇ ದಿವಾಕರ ಊಟಕ್ಕೆ ಕರೆದುಬಿಟ್ಟ!

ನವೆಂಬರಿನ ಆ ಭಾನುವಾರ ಮಟಮಟ ಮಧ್ಯಾಹ್ನವೇ ಆಕಾಶ ಮಸಿ ಹತ್ತಿದ ಬಾಣಲೆಯಾಗಿತ್ತು. ದಿವಾಕರ ಕಪ್ಪು ಸೂಟು, ಕಪ್ಪು ಟೈ ತೊಟ್ಟು ಬಾಗಿಲಲ್ಲಿ ನಿಂತ.

"ಇದೇನ್ರೀ, ಕಾಗೆ ಥರ?" ಅಂದಳು ಹೆಂಡತಿ ಅಹಲ್ಯಾ.

"ಅವರು ಶಿಸ್ತಿನ ಜನ ಕಣೇ. ನಿಂಗೇನ್ ಗೊತ್ತು!"

ಸೇವಂತಿಗೆಯಿಲ್ಲದ ಶುಭಕಾರ್ಯ ಉಂಟೇ? ಸೂಪರ್ ಮಾರ್ಕೆಟ್ಟಿನಲ್ಲಿದ್ದ ಬಿಳಿ ಸೇವಂತಿಗೆಯನ್ನೆಲ್ಲ ಅಹಲ್ಯಾ ಬಾಚಿ ತಂದು ಬಾಗಿಲಿಗೆ, ಮೇಜಿಗೆ, ತೀರಿಹೋದ ಮಾವ ಲಕ್ಷ್ಮೀನಾರಾಯಣರ ಫೋಟೋಕ್ಕೆ ಏರಿಸಿದಳು. ಹಬ್ಬದಡುಗೆಯಾದರೆ ಮೊದಲ ಎಡೆ ಮಾವನಿಗೇ. ಫೋಟೋದ ಮುಂದೆ ಒಂದು ಬಟ್ಟಲು ಅನ್ನವಿಟ್ಟಳು. ಊದುಬತ್ತಿ ಸ್ಟ್ಯಾಂಡು ಸಿಗಲಿಲ್ಲ. ಕಡ್ಡಿಯನ್ನು ಅನ್ನದಲ್ಲೇ ನೆಟ್ಟಳು.

ಹಯಾಕಾವಾ ಉಡುಗೊರೆ ಹಿಡಿದು ನಗುನಗುತ್ತ ಬಂದರು. ಟೈ ನೋಡಿದರು, ಹೂವು ನೋಡಿದರು, ಅನ್ನದಲ್ಲಿ ಹೊಗೆಯಾಡುವ ಕಡ್ಡಿ ನೋಡಿದರು. ಮುಖ ಬಾಡಿತು. ಉಡುಗೊರೆ ಮೆಲ್ಲಗೆ ಚೀಲದೊಳಕ್ಕೆ ಹಿಂತಿರುಗಿತು! ಫೋಟೋಕ್ಕೆ ಕೈಮುಗಿದು, ಜಪಾನಿಯಲ್ಲಿ ಏನೋ ಮೆಲ್ಲಗೆ ನುಡಿದು ದಿವಾಕರನಿಗೆ ಸೊಂಟ ಬಗ್ಗಿಸಿದರು.

ಆ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ! ಏನೆಂದು ಕೇಳಿದರೆ ಮಾನ ಹೋದೀತು. "ಹೈ! ಹೈ!" ಹೌದು ಹೌದೆಂದು ದಿವಾಕರ ಇನ್ನೂ ಆಳಕ್ಕೆ ಬಗ್ಗಿದ. ಅವರು ಬಗ್ಗಿದರೆ ಇವನು, ಇವನು ಬಗ್ಗಿದರೆ ಅವರು, ಒಂದೇ ಒರಳಿಗೆ ಬಿದ್ದ ಜೋಡಿ ಒನಕೆಗಳ ಹಾಗೆ.

"ರೀ, ಬಿಸಿಬೇಳೆಬಾತ್ ಆರ್ತಿದೆ. ಮೊದ್ಲು ಅವರನ್ನ ಕೂರ್ಸಿ!"

ಅತಿಥಿ ಎರಡು ಚಮಚ ತಿಂದು, ಕಣ್ಣೊರೆಸಿಕೊಂಡು, ಸದ್ದಿಲ್ಲದೆ ಹೊರಟುಹೋದರು.

"ನೋಡಿದ್ಯಾ? ನನ್ನ ಜಪಾನಿ ಕೇಳಿ ಕಣ್ಣೀರು ಬಂತು!"

"ಖಾರದ ಮೆಣಸಿನಕಾಯಿಗೂ ಬರುತ್ತೆ."

ಸೋಮವಾರ ಹಯಾಕಾವಾ ಕರೆಸಿ ಇಂಗ್ಲಿಷಿನಲ್ಲೇ ಹೇಳಿದರು. "ನಿಮ್ಮ ತಂದೆ ಹೋದದ್ದು ನನಗೆ ತಿಳಿದಿರಲಿಲ್ಲ. ಕಪ್ಪು ಟೈ, ಬಿಳಿ ಸೇವಂತಿಗೆ, ಅನ್ನದಲ್ಲಿ ನೆಟ್ಟ ಕಡ್ಡಿ... ನಮ್ಮಲ್ಲೂ ಸಾವಿನ ಮನೆ ಹೀಗೇ ಇರುತ್ತದೆ. ಅಂಥ ದಿನವೂ ಕೊಟ್ಟ ಮಾತಿಗೆ ತಪ್ಪದೆ ಊಟ ಹಾಕಿದಿರಿ! ಈ ಹೊತ್ತಿನಲ್ಲಿ ನಿಮ್ಮನ್ನು ದೂರ ಕಳಿಸಲಾರೆ. ನಗೋಯಾಗೆ ನಿಮ್ಮ ಪಕ್ಕದ ಮೇಜಿನ ಶಿವಕುಮಾರ ಹೋಗಲಿ."

ದಿವಾಕರ ಎರಡೂ ಕೈ ಆಡಿಸಿದ. "ಸಾರ್, ಅಪ್ಪ ಹೋಗಿ ಹತ್ತು ವರ್ಷ ಆಯ್ತು!"

ಹಯಾಕಾವಾ ಎದ್ದು ನಿಂತರು. ಈ ಸಲ ಹಣೆ ಮೇಜಿಗೆ ತಾಗುವಷ್ಟು ಬಗ್ಗಿದರು.

"ಹತ್ತು ವರ್ಷ! ಆದರೂ ಇಷ್ಟು ದುಃಖ! ಇಂಥ ಮಗನನ್ನು ಆ ಮನೆಯಿಂದ ಎಬ್ಬಿಸಿದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ."

ಸಂಜೆ ಸುದ್ದಿ ಕೇಳಿದ ಅಹಲ್ಯಾ ಮೇಜಿನ ಮೇಲಿನ ಬಾಡಿದ ಸೇವಂತಿಗೆಯನ್ನು ಬಾಚಿ ತೆಗೆದಳು. ಆಮೇಲೆ ಮಾವನ ಫೋಟೋ ಕಡೆ ತಿರುಗಿ ನಿಟ್ಟುಸಿರಿಟ್ಟಳು.

"ಬದುಕಿದ್ದಾಗ ಅವರ ಒಂದು ಮಾತೂ ಕೇಳ್ಲಿಲ್ಲ ನೀವು. ಈಗ ನೋಡಿ, ಬಾಯೇ ಬಿಡದೆ ನಿಮ್ಮನ್ನ ಮನೇಲಿ ಕೂರಿಸಿದ್ರು!"